ಬೇಸಿಗೆ ಅಂತ ಟೈರಿನ ಗಾಳಿ ಇಳಿಸಬೇಡ್ರಿ

ಯುಗಾದಿ ಕಳೆದ ಮೇಲೆ ರಾಯಚೂರಿನ ಯಾವ ಪಂಚರ್ ಅಂಗಡಿ ಮುಂದೆ ಕಾರು ನಿಲ್ಲಿಸಿದರೂ ಅದೇ ಮಾತು: "ಬ್ಯಾಸಿಗಿ ಅದ ಅಣ್ಣಾ, 28 ಸಾಕು. ಜಾಸ್ತಿ ಹೊಡದ್ರ ಒಡೀತದ." ನಮ್ಮ ಒಳ್ಳೆಯದಕ್ಕೇ ಹೇಳ್ತಾರೆ. ಆದರೆ ಆ ಮಾತು ಕೇಳಿ ಗಾಳಿ ಇಳಿಸಿಕೊಂಡು ಹೈವೇಗೆ ಹೋಗುವವರನ್ನು ಕಂಡಾಗ ನನಗೆ ನಿಜವಾಗಿ ಭಯ ಆಗ್ತದೆ.

ಕಾದಾಗ ಗಾಳಿ ಹಿಗ್ಗುತ್ತದೆ, ಪ್ರೆಷರ್ ಏರುತ್ತದೆ, ಅದು ಸರಿ. ಎಷ್ಟು ಏರುತ್ತದೆ? ಟೈರು ಐದಾರು ಡಿಗ್ರಿ ಹೆಚ್ಚು ಕಾದರೆ ಸುಮಾರು 1 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ, ನಾವು ಪಾಯಿಂಟ್ ಅನ್ನೋದು ಇದನ್ನೇ). ಬೆಳಗ್ಗೆ 33 ಇದ್ದ ಟೈರು ಮಧ್ಯಾಹ್ನ ಲಿಂಗಸುಗೂರು ರಸ್ತೆಯಲ್ಲಿ ಓಡಿ 30 ಡಿಗ್ರಿ ಹೆಚ್ಚು ಕಾಯಿತು ಅಂತಿಟ್ಟುಕೊಳ್ಳಿ, ಆಗಲೂ 38ರ ಆಸುಪಾಸಿನಲ್ಲೇ ಇರುತ್ತದೆ. ಟೈರಿನ ಪಕ್ಕೆಯಲ್ಲಿ ಸಣ್ಣ ಅಕ್ಷರದಲ್ಲಿ ಗರಿಷ್ಠ ಪ್ರೆಷರ್ ಅಚ್ಚಾಗಿರುತ್ತದೆ. ಕಾರಿನ ಟೈರಿಗೆ ಹೆಚ್ಚಾಗಿ 44 ಇಲ್ಲವೇ 51. ಅದೂ ಟೈರು ತಣ್ಣಗಿದ್ದಾಗಿನ ಲೆಕ್ಕ. ಬಿಸಿಲಿಗೆ ಏರುವ ಈ ನಾಲ್ಕೈದು ಪಾಯಿಂಟನ್ನು ತಯಾರಿಸಿದವರು ಮೊದಲೇ ಲೆಕ್ಕಕ್ಕೆ ಹಿಡಿದಿರುತ್ತಾರೆ.

ಬಿಸಿಲಿನಲ್ಲಿ ಒಡೆಯುವ ಭಯ ಹೆಚ್ಚಿರುವುದು ಗಾಳಿ ಕಡಿಮೆ ಇರುವ ಟೈರಿಗೆ. ಗಾಳಿ ಸಾಲದಿದ್ದರೆ ಟೈರಿನ ಪಕ್ಕೆ ನೆಲಕ್ಕೆ ಬಂದಾಗಲೆಲ್ಲ ಮಡಚುತ್ತದೆ, ಮೇಲೆ ಹೋದಾಗ ನೆಟ್ಟಗಾಗುತ್ತದೆ. 80ರ ವೇಗದಲ್ಲಿ ಇದು ನಿಮಿಷಕ್ಕೆ ಸುಮಾರು ಏಳುನೂರು ಸಲ. ಕಟ್ಟಡಕ್ಕೆ ಬಳಸುವ ಕಬ್ಬಿಣದ ತಂತಿಯನ್ನು ಆ ಕಡೆ ಈ ಕಡೆ ಬಗ್ಗಿಸುತ್ತಾ ಹೋದರೆ ಕೈಗೆ ಬಿಸಿ ತಾಗಿ ಕಡೆಗೆ ತುಂಡಾಗುತ್ತದಲ್ಲ, ಹಾಗೆ. ಕೆಳಗೆ ಕಾದ ಡಾಂಬರು, ಒಳಗೆ ಮಡಚಿ ಮಡಚಿ ಹುಟ್ಟಿದ ಬಿಸಿ. ರಬ್ಬರು ಒಳಗಿನ ದಾರದ ಪದರವನ್ನು ಬಿಡುತ್ತಾ ಬರುತ್ತದೆ, ಹೊರಗಿನಿಂದ ಏನೂ ಕಾಣುವುದಿಲ್ಲ. ಒಡೆದಾಗ ಮಾತ್ರ "ಬಿಸಿಲಿಗೆ ಒಡೀತು" ಅಂತೀವಿ, ಮುಂದಿನ ಸಲ ಇನ್ನೂ ಎರಡು ಪಾಯಿಂಟ್ ಇಳಿಸ್ತೀವಿ.

ಇದಕ್ಕಿಂತ ಕೆಟ್ಟದ್ದು ದಾರಿ ಮಧ್ಯೆ, ಕಾದ ಟೈರಿನಿಂದ ಗಾಳಿ ಬಿಡಿಸೋದು. 38 ಕಂಡು ಗಾಬರಿಯಾಗಿ 33ಕ್ಕೆ ಇಳಿಸಿದರೆ ರಾತ್ರಿ ಟೈರು ಆರಿದ ಮೇಲೆ 28ರ ಹತ್ತಿರ ಉಳಿಯುತ್ತದೆ. ಅಳೆಯುವುದಿದ್ದರೆ ಬೆಳಗ್ಗೆ, ಗಾಡಿ ಮೂರು ತಾಸಾದರೂ ನಿಂತ ಮೇಲೆ ಅಳೆಯಬೇಕು. ನಿಮ್ಮ ಗಾಡಿಗೆ ಎಷ್ಟು ಅನ್ನೋದು ಪಂಚರ್ ಅಂಗಡಿಯವರಿಗಿಂತ ಡ್ರೈವರ್ ಬಾಗಿಲಿಗೆ ಚೆನ್ನಾಗಿ ಗೊತ್ತು. ಬಾಗಿಲು ತೆರೆದರೆ ಅದರ ಚೌಕಟ್ಟಿನ ಕಂಬದ ಮೇಲೆ ಸ್ಟಿಕ್ಕರ್ ಇರುತ್ತದೆ.

ಆ ಸ್ಟಿಕ್ಕರ್‌ನಲ್ಲಿ ಎಷ್ಟೋ ಗಾಡಿಗಳಿಗೆ ಎರಡು ಲೆಕ್ಕ ಇರುತ್ತದೆ, ಇಬ್ಬರು ಮೂವರು ಕೂತಾಗ ಒಂದು, ತುಂಬಿದ ಗಾಡಿಗೆ ಇನ್ನೊಂದು. ಎರಡನೆಯದನ್ನು ನೋಡುವವರೇ ಇಲ್ಲ. ಹುಣ್ಣಿಮೆಗೆ ಹುಲಿಗೆಮ್ಮನ ದರ್ಶನಕ್ಕೆ ಹುಲಿಗಿಗೆ ಹೊರಡುವ ಗಾಡಿಗಳನ್ನು ನೋಡ್ರಿ. ಏಳು ಸೀಟಿನಲ್ಲಿ ತೊಡೆ ಮೇಲಿನ ಮಕ್ಕಳನ್ನು ಬಿಟ್ಟೇ ಎಂಟು ಮಂದಿ, ಹಿಂದೆ ಬುತ್ತಿ ಗಂಟು, ನೀರಿನ ಕ್ಯಾನು, ಮೇಲೆ ಕ್ಯಾರಿಯರ್‌ಗೆ ಬಿಗಿದ ಚಾಪೆ, ಪಾತ್ರೆ. ಮಾನ್ವಿ, ಸಿಂಧನೂರು, ಗಂಗಾವತಿ ಮೇಲೆ ಅಷ್ಟು ದೂರ, ಮೇ ತಿಂಗಳ ಬಿಸಿಲಿನಲ್ಲಿ, 28 ಗಾಳಿ ಮೇಲೆ! ಒಳಗೆ ಕೂತವರೆಲ್ಲ ನಮ್ಮ ಮನೆಯವರೇ. ಅಂಥ ದಿನ ಹಿಂದಿನ ಎರಡು ಟೈರಿಗೆ ಸ್ಟಿಕ್ಕರ್ ಹೇಳಿದಷ್ಟು ಹೆಚ್ಚು ಗಾಳಿ ಬೇಕೇ ಬೇಕು.

ಒದ್ದು ನೋಡಿ "ಗಟ್ಟಿ ಅದ" ಅನ್ನುವ ಪದ್ಧತಿ ಬಿಡಬೇಕು. ಈಗಿನ ಟ್ಯೂಬ್‌ಲೆಸ್ ಟೈರಿನಲ್ಲಿ 26ಕ್ಕೂ 33ಕ್ಕೂ ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಟೈರು ಸವೆದ ರೀತಿ ಮಾತ್ರ ಸುಳ್ಳು ಹೇಳುವುದಿಲ್ಲ. ಎರಡೂ ಅಂಚು ಸವೆದು ನಡುವಿನ ಗೆರೆ ಹೊಸದರಂತಿದ್ದರೆ ಬಹಳ ದಿನ ಕಡಿಮೆ ಗಾಳಿಯಲ್ಲಿ ಓಡಿದೆ, ನಡುವೆ ಮಾತ್ರ ಸವೆದಿದ್ದರೆ ಅತಿಯಾಗಿದೆ. ಅತಿಯಾದರೂ ಒಳ್ಳೆಯದಲ್ಲ, ಬ್ರೇಕ್ ಹಿಡಿತ ತಪ್ಪುತ್ತದೆ. ನೈಟ್ರೋಜನ್ ಹಾಕಿಸಿದರೆ ಚಿಂತೆಯಿಲ್ಲ ಅನ್ನುವವರಿಗೆ ಇಷ್ಟೇ ಹೇಳೋದು: ಸಾಮಾನ್ಯ ಗಾಳಿಯಲ್ಲೇ 78 ಭಾಗ ನೈಟ್ರೋಜನ್ ಇದೆ, ಅದನ್ನು ಹಾಕಿಸಿದರೂ ತಿಂಗಳಿಗೊಮ್ಮೆ ಅಳೆಯುವುದು ತಪ್ಪದು. ಏನೂ ಪಂಚರ್ ಇಲ್ಲದ ಟೈರಿನಿಂದಲೂ ತಿಂಗಳಿಗೆ ಒಂದೆರಡು ಪಾಯಿಂಟ್ ಸೋರುತ್ತದೆ. ಸ್ಟೆಪ್ನಿಯೂ ಸೇರಿ.

ಇನ್ನು ಬಂಕ್‌ನವರಿಗೆ. ಉಚಿತ ಗಾಳಿ ಕೊಡೋದು ನಿಮ್ಮ ಹೊಣೆ, ಉಪಕಾರ ಅಲ್ಲ. ಊರ ಹೊರಗಿನ ಒಂದು ಬಂಕ್‌ನಲ್ಲಿ ಮೀಟರಿನ ಗಾಜು ಒಡೆದು ಮುಳ್ಳು 10ರ ಮೇಲೇ ಕೂತಿತ್ತು, ಪೈಪ್ ಬಿಚ್ಚಿದ ಮೇಲೂ ಸೊನ್ನೆಗೆ ಬರಲಿಲ್ಲ. ಅದನ್ನು ನಂಬಿ ಹೊಡೆಸಿದವರ ಟೈರಿನಲ್ಲಿ ಎಷ್ಟಿತ್ತೋ! ಕೆಲವು ನೂರು ರೂಪಾಯಿಗೆ ಕೈಮೀಟರ್ ಸಿಗುತ್ತದೆ, ಒಂದು ತಗೊಂಡು ಡ್ಯಾಶ್‌ಬೋರ್ಡ್‌ನಲ್ಲಿ ಇಟ್ಟುಕೊಳ್ಳಿ.

ಮಾನ್ವಿ, ಸಿಂಧನೂರು, ಕಾರಟಗಿ ದಾರಿಯಲ್ಲಿ ಬೆಳಗ್ಗೆ ಆರಕ್ಕೇ ಗಾಳಿ ಹೊಡೆಯುವ, ಮೀಟರ್ ಸರಿಯಿರುವ ಬಂಕ್ ನಿಮಗೆ ಗೊತ್ತಿದ್ದರೆ ಇಲ್ಲಿ ಬರೀರಿ. ಹುಣ್ಣಿಮೆಗೆ ಹೊರಡುವವರಿಗೆ ಅನುಕೂಲ ಆಗ್ತದೆ.