ಪೆನ್‌ಡ್ರೈವ್ ಕೈಕೊಟ್ಟಾಗ

ನಿನ್ನೆ ಸಂಜೆ ಒಂದು ಸಮಾರಂಭ. ಎಲ್ಲಿ, ಯಾರದು ಅಂತ ಕೇಳಬೇಡಿ, ಹೇಳಲ್ಲ. ಕೊಳೆಗೇರಿಯ ಇಪ್ಪತ್ತು ಮಕ್ಕಳು ವೇದಿಕೆ ಮೇಲೆ. ಮೈಮೇಲೆ ಬಾಡಿಗೆಗೆ ತಂದ ಹರಕು ಬಟ್ಟೆ. (ಹೌದು ಸ್ವಾಮಿ, ಹರಕು ಬಟ್ಟೆಯೂ ಬಾಡಿಗೆಗೆ ಸಿಗುತ್ತೆ.) ಕೆನ್ನೆಗೆ ಕಾಡಿಗೆ ಬಳಿದು ಮಾಡಿದ ಕೊಳೆ, ಕೈಯಲ್ಲೊಂದು ಸ್ಟೀಲ್ ತಟ್ಟೆ. ಮಾತೆಲ್ಲ ಮೊದಲೇ ರೆಕಾರ್ಡ್ ಆಗಿತ್ತು. ಯಾರೋ ದೊಡ್ಡವರು ಮಗುವಿನ ದನಿ ಮಾಡಿ ಅಳುತ್ತಿದ್ದರು, ಮಕ್ಕಳು ತುಟಿ ಆಡಿಸಬೇಕು ಅಷ್ಟೆ. ನಡುವೆ ಪೆನ್‌ಡ್ರೈವ್ ಕೈಕೊಟ್ಟಿತು. ಇಪ್ಪತ್ತೂ ಮಕ್ಕಳು ತಟ್ಟೆ ಹಿಡಿದು ಹಾಗೇ ನಿಂತವು. ಒಂದು ನಿಮಿಷ, ಪಿಟಕ್ ಅನ್ನಲಿಲ್ಲ.

ಇಂಥ ಮಕ್ಕಳು ನಲ್ಲಿ ಹತ್ತಿರ ಬಿಂದಿಗೆಯ ಪಾಳಿಗೆ ಜಗಳ ಆಡೋದನ್ನು ನೋಡಿದ್ದೀರಾ? ಲಾಯರುಗಳು ಫೀಸು ಕೊಟ್ಟು ಕಲಿಯಬೇಕು, ಹಾಗಿರುತ್ತೆ. ಆ ಬಾಯಿಗಳನ್ನು ಮುಚ್ಚಿಸೋಕೆ ಅದೆಷ್ಟು ದಿನ ತಾಲೀಮು ಮಾಡಿಸಿದ್ದರೋ. ಹಿಂದಿನ ಬ್ಯಾನರ್ ಮೇಲೆ ದಪ್ಪಕ್ಷರದಲ್ಲಿ ‘ರಂಗಭೂಮಿಯ ಮೂಲಕ ಸಬಲೀಕರಣ’.

ದಾರಿ ಗೊತ್ತಿಲ್ಲದೆ ಆದದ್ದಲ್ಲ ಇದು. ಬ್ರೆಜಿಲ್‌ನ ರಂಗಕರ್ಮಿ ಆಗುಸ್ತೊ ಬೋಆಲ್ 1973ರಲ್ಲೇ ಪೆರು ದೇಶದ ಸಾಕ್ಷರತಾ ಕಾರ್ಯಕ್ರಮದಲ್ಲಿ ಬಡವರ ಜೊತೆ ನಾಟಕ ಕಟ್ಟಿದ. ಬಂಗಾಳದ ‘ಜನ ಸಂಸ್ಕೃತಿ’ ನಾಟಕ ತಂಡ 1985ರಿಂದ ಹಳ್ಳಿಗಳಲ್ಲಿ ಅದೇ ದಾರಿಯಲ್ಲಿದೆ. ನಮ್ಮ ಹೆಗ್ಗೋಡಿನಲ್ಲಿ 1949ರಿಂದ ನೀನಾಸಮ್ ಇದೆ. ನಾಟಕ ಅಂದರೆ ಊರಿನ ಕೆಲಸ ಅಂತ ಕನ್ನಡಿಗರಿಗೆ ಯಾರೂ ಹೊರಗಿಂದ ಬಂದು ಹೇಳಬೇಕಾಗಿಲ್ಲ.

ಹಾಗಾದರೆ ಇಂಥ ಮಕ್ಕಳ ಜೊತೆ ನಾಟಕ ಮಾಡೋದು ಹೇಗೆ? ಮೊದಲು ಹೊತ್ತು ನೋಡಿ. ಶಾಲೆ ಬಿಟ್ಟು, ನೀರು ಹಿಡಿದು ಮುಗಿದ ಮೇಲೆ, ಐದೂವರೆಯಿಂದ ಏಳು. ನೀರಿನ ಟ್ಯಾಂಕರ್ ಬರುವ ದಿನ ತಾಲೀಮು ಇಡಬೇಡಿ, ಅರ್ಧ ಮಕ್ಕಳು ಓಡಿಹೋಗುತ್ತವೆ, ಓಡಲೇಬೇಕು. ಕಂಕುಳಲ್ಲಿ ತಮ್ಮನನ್ನು ಎತ್ತಿಕೊಂಡು ಬರುವ ಹುಡುಗಿಗೆ ‘ಮಗೂನ ಬಿಟ್ಟು ಬಾ’ ಅಂದಿರೋ, ನಾಳೆಯಿಂದ ಅವಳೂ ಇಲ್ಲ. ಮೂಲೆಯಲ್ಲೊಂದು ಚಾಪೆ ಹಾಸಿ, ಅವನೂ ಇರಲಿ. ತಿಂಡಿ ಮೊದಲು, ಆಟ ಆಮೇಲೆ. ಇಪ್ಪತ್ತೈದು ಮಕ್ಕಳಿಗೆ ಒಂದೂವರೆ ಕೆಜಿ ಕಡಲೆಕಾಳು ರಾತ್ರಿ ನೆನೆಹಾಕಿ ಉಸಲಿ ಮಾಡಿದರೆ ಧಾರಾಳ ಸಾಕು. ಕೊನೆಗೆ ಕೊಡ್ತೀವಿ ಅಂದರೆ ಮಕ್ಕಳ ಕಣ್ಣು ಪೂರ್ತಿ ಪಾತ್ರೆ ಮೇಲೇ ಇರುತ್ತೆ.

ಹೀರೋ ಪಾತ್ರ ಬೇಡವೇ ಬೇಡ. ಪಟ್ಟಿಯಲ್ಲಿ ಇಪ್ಪತ್ತೈದು ಹೆಸರಿದ್ದರೆ ದಿನಕ್ಕೆ ಬರೋದು ಹದಿನಾಲ್ಕೋ ಹದಿನಾರೋ. ಒಬ್ಬಳಿಗೆ ಜ್ವರ, ಇನ್ನೊಬ್ಬನ ಮನೆಯವರು ಕೆಲಸ ಹುಡುಕಿ ಬೇರೆ ಊರಿಗೆ. ಅದಕ್ಕೇ ಮೇಳ ಕಟ್ಟಬೇಕು, ಪ್ರತಿ ಪಾತ್ರವೂ ಇಬ್ಬರಿಗೆ ಬರಬೇಕು. ಪಾತ್ರದ ಗುರುತು ಮುಖ ಅಲ್ಲ, ಬಟ್ಟೆ. ಕೆಂಪು ಟವೆಲ್ ಹೆಗಲಿಗೆ ಬಿತ್ತೋ ಅವನು ರಾಜ, ಟವೆಲ್ ಪಕ್ಕದವಳಿಗೆ ದಾಟಿತೋ ಅವಳು ರಾಜ. ನೋಡೋರಿಗೆ ಎರಡೇ ನಿಮಿಷದಲ್ಲಿ ಅರ್ಥ ಆಗುತ್ತೆ.

ಬರೆದ ಸ್ಕ್ರಿಪ್ಟ್ ಕೊಡಬೇಡಿ. ಓದಲು ಬಾರದ ಮಗುವಿಗೆ ಆ ಕಾಗದ ಕಂಡ ದಿನವೇ ನಾಟಕವೂ ಶಾಲೆಯಾಯಿತು. ಐದೈದು ಜನರ ಗುಂಪು ಮಾಡಿ, ‘ಬೆಳಗ್ಗೆ ಆರು ಗಂಟೆ, ನಲ್ಲಿ ಹತ್ತಿರ, ಫೋಟೋ ಥರ ನಿಲ್ಲಿ’ ಅನ್ನಿ. ಒಬ್ಬಳ ಸೊಂಟ ಒಂದು ಕಡೆ ವಾಲುತ್ತೆ, ಕೈ ಬಿಂದಿಗೆಯ ಕಂಠಕ್ಕೆ ಹೋಗುತ್ತೆ. ಅಲ್ಲಿ ಬಿಂದಿಗೆಯೇ ಇಲ್ಲ, ಆದರೂ ಭಾರ ಕಾಣುತ್ತೆ. ಅವಳ ಭುಜ ಮುಟ್ಟಿ, ಒಂದೇ ಮಾತು ಹೇಳಲಿ. ‘ನಾನು ನಿನ್ನೆ ರಾತ್ರಿನೇ ಪಾಳಿಗೆ ಕಲ್ಲಿಟ್ಟು ಹೋಗಿದ್ದೆ.’ ಇದನ್ನು ಯಾವ ನಾಟಕಕಾರ ಬರೆದಾನು? ಇಂಥ ಮಾತುಗಳನ್ನಷ್ಟೇ ಗುರುತು ಹಾಕಿಕೊಳ್ಳಿ. ವಾರಕ್ಕೆ ನಾಲ್ಕು ದಿನ ಸೇರಿದರೆ ಒಂದೂವರೆ ತಿಂಗಳಿಗೆ ಹನ್ನೆರಡು ನಿಮಿಷದ ನಾಟಕ ಆಗುತ್ತೆ. ಹನ್ನೆರಡು ಸಾಕು. ನಿನ್ನೆಯದು ನಲವತ್ತು ನಿಮಿಷ ಇತ್ತು, ಬಿಡಿ.

ಮುಖವಾಡಕ್ಕೆ ಹಳೇ ಪೇಪರು, ಮೈದಾ ಅಂಟು: ಒಂದು ಲೋಟ ಮೈದಾಕ್ಕೆ ಐದು ಲೋಟ ನೀರು, ಗಂಟಾಗದಂತೆ ಕಾಯಿಸಿ. ಪೇಪರು ಕತ್ತರಿಸಬೇಡಿ, ಹರಿಯಿರಿ. ಹರಿದ ಅಂಚು ಒಂದರ ಮೇಲೊಂದು ಚೆನ್ನಾಗಿ ಕೂರುತ್ತೆ. ಊದಿದ ಬಲೂನಿನ ಮೇಲೆ ನಾಲ್ಕೈದು ಪದರ, ಎರಡು ಪದರ ಒಣಗದೆ ಮೂರನೆಯದು ಹಾಕಬೇಡಿ. ಆತುರಪಟ್ಟರೆ ಒಳಗೆ ಬೂಷ್ಟು ಹಿಡಿದು ನಾರುತ್ತೆ. ಪೋಸ್ಟರ್ ಅಂಟಿಸುವವರು ಹುಳ ಬಾರದಿರಲಿ ಅಂತ ಅಂಟಿಗೆ ಮೈಲುತುತ್ತ ಹಾಕುತ್ತಾರಲ್ಲ, ಅದು ವಿಷ. ಮಕ್ಕಳು ಬೆರಳು ಬಾಯಿಗಿಡುತ್ತವೆ, ಹಾಕಲೇಬೇಡಿ.

ಈಗ ನಿಜವಾಗಿ ಕೈಸುಡುವ ವಿಷಯ. ‘ನಿನ್ನ ಮನೆ ಕಷ್ಟ ಅಭಿನಯಿಸಿ ತೋರಿಸು’ ಅಂತ ಯಾವ ಮಗುವಿಗೂ ಹೇಳಬಾರದು. ಅಪ್ಪ ಕುಡಿದು ಬಂದದ್ದನ್ನು ಮಗು ಕೇರಿಯ ಮುಂದೆ ಆಡಿ ತೋರಿಸಿದರೆ ಚಪ್ಪಾಳೆ ನಿಮಗೆ, ರಾತ್ರಿ ಏಟು ಮಗುವಿಗೆ. ಕಥೆಯನ್ನು ಒಂದು ಹೆಜ್ಜೆ ದೂರ ಇಡಿ: ಅಪ್ಪ ಕರಡಿಯಾಗಲಿ, ಮನೆ ಗುಹೆಯಾಗಲಿ. ಮಗು ಏನಾದರೂ ಗುಟ್ಟು ಹೇಳಿಕೊಂಡರೆ ಅದು ನಾಟಕದ ಸಾಮಗ್ರಿಯಲ್ಲ. ಅಪಾಯದ ವಾಸನೆ ಬಂದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಕೇರಿಯ ಮುಂದೆ ಆಡುವಾಗ ಬದಲಾಯಿಸಲು ಆಗುವಂಥ ವಿಷಯ ಆರಿಸಿಕೊಳ್ಳಿ. ರೇಷನ್ ಅಂಗಡಿ, ನಲ್ಲಿ, ಬೀಗ ಹಾಕಿದ ಶಾಲಾ ಶೌಚಾಲಯ. ಬಿಕ್ಕಟ್ಟಿನಲ್ಲಿ ನಿಲ್ಲಿಸಿ, ಮತ್ತೆ ಮೊದಲಿಂದ ಆಡಿ. ನೋಡುವವರು ‘ನಿಲ್ಲಿಸು’ ಅಂತ ಕೂಗಿ ಒಂದು ಪಾತ್ರದ ಜಾಗಕ್ಕೆ ತಾವೇ ಬಂದು ಆಡಬಹುದು. ಆದರೆ ತೊಂದರೆಗೆ ಸಿಕ್ಕವನ ಜಾಗಕ್ಕೆ ಮಾತ್ರ. ಅಂಗಡಿಯವನ ಜಾಗಕ್ಕೆ ಬಂದರೆ ಅವನನ್ನು ದಿಢೀರನೆ ಒಳ್ಳೆಯವನನ್ನಾಗಿ ಮಾಡಿಬಿಡುತ್ತಾರೆ, ಆಟ ಮುಗಿದೇ ಹೋಗುತ್ತೆ. ಹಳ್ಳಿಗಳಲ್ಲಾದರೆ ಇದೇ ಮಾತನ್ನು ಮಕ್ಕಳು ಪಂಚಾಯ್ತಿಯ ಮಕ್ಕಳ ಗ್ರಾಮಸಭೆಗೆ ಒಯ್ಯಬಹುದು. ನಾಟಕದಲ್ಲಿ ಹತ್ತು ಸಲ ವಾದಿಸಿದವಳಿಗೆ ಪಿಡಿಒ ಎದುರು ಹನ್ನೊಂದನೇ ಸಲ ಕಷ್ಟವಲ್ಲ.

‘ದಾನಿಗಳಿಗೆ ಏನಾದರೂ ತೋರಿಸಬೇಕಲ್ಲ, ಇಲ್ಲದಿದ್ದರೆ ನಿಮ್ಮ ಉಸಲಿಗೆ ಯಾರು ದುಡ್ಡು ಕೊಡ್ತಾರೆ?’ ಅಂತ ಕೇಳ್ತೀರಿ, ಗೊತ್ತು. ನಿನ್ನೆಯ ಸೌಂಡು, ಲೈಟು, ಶಾಲು, ಹಾರ, ಹರಕು ಬಟ್ಟೆಯ ಬಾಡಿಗೆ, ಎಲ್ಲ ಕೂಡಿಸಿ ನೋಡಿ, ಎಷ್ಟು ತಿಂಗಳ ಕಡಲೆಕಾಳು ಅಂತ. ನಾಟಕದಿಂದ ಬಡತನ ಹೋಗುತ್ತಾ ಅಂದರೆ, ಇಲ್ಲ, ಹೋಗಲ್ಲ. ಹೋಗುತ್ತೆ ಅನ್ನುವವರನ್ನು ನಂಬಬೇಡಿ. ಇನ್ನೊಂದು ಒಪ್ಪಿಕೊಂಡುಬಿಡ್ತೀನಿ: ಮಕ್ಕಳಿಗೆ ಡೈಲಾಗ್ ಉರು ಹೊಡೆಸಿ ಬೆನ್ನು ತಟ್ಟಿಕೊಂಡವರಲ್ಲಿ ನಾನೂ ಒಬ್ಬ. ಸಿಟ್ಟು ಇಷ್ಟು ಜೋರಾಗಿರೋದು ಅದಕ್ಕೇ ಇರಬೇಕು.

ನಿನ್ನೆ ಕೊನೆಯಲ್ಲಿ ಬಾಡಿಗೆಯವನು ತಟ್ಟೆ ಎಣಿಸಿದ. ಹತ್ತೊಂಬತ್ತೇ ಇದ್ದವು. ಸಂಘಟಕರು ಮಕ್ಕಳ ಬ್ಯಾಗುಗಳನ್ನು ಒಂದೊಂದಾಗಿ ತೆಗೆಸಿ ನೋಡಿದರು. ಮಕ್ಕಳು ಆಗಲೂ ಮಾತಾಡಲಿಲ್ಲ. ಇಪ್ಪತ್ತನೆಯದು ಅತಿಥಿಗಳ ಟೇಬಲ್ ಮೇಲಿತ್ತು, ಅದರಲ್ಲಿ ಗೋಡಂಬಿ ಹಾಕಿಟ್ಟಿದ್ದರು.