ಭೀಮ, ಥಾರ್ ಮತ್ತು ಒಂದು ಸಿಲಿಂಡರ್

ಕಾಮಿಕ್ಸ್ ವೀರರಾದ ಹಲ್ಕ್‌ಗೂ ಥಾರ್‌ಗೂ ಜಗಳವಾದರೆ ಗೆಲ್ಲುವವರು ಯಾರು ಎಂದು ಮಕ್ಕಳು ಕೇಳಿದಾಗ ಬುದ್ಧಿವಂತರು ಪೇಪರಿನೊಳಗೆ ಮುಖ ಹುದುಗಿಸಿಕೊಳ್ಳುತ್ತಾರೆ. ನನ್ನ ಭಾವನಿಗೆ ಆ ವಿದ್ಯೆ ಒಲಿದಿಲ್ಲ. ವಾರವಿಡೀ ಮುಂಬೈಯ ಬ್ಯಾಂಕೊಂದರಲ್ಲಿ ಲೆಕ್ಕ ನೋಡುವ ಅವರು ಮಳೆಗಾಲದ ಭಾನುವಾರಗಳಲ್ಲಿ ತಾಳಮದ್ದಲೆಯ ಅರ್ಥಧಾರಿ, ಎಂದರೆ ಪುರಾಣದ ಪಾತ್ರಗಳ ಮಾತನ್ನಾಡುವವರು. ಭೀಮನ ಪಾತ್ರವೆಂದರೆ ಪ್ರಾಣ. ತಾಳಮದ್ದಲೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಗದೆಯನ್ನೂ ಕುಳಿತಲ್ಲಿಂದಲೇ, ಬಾಯಲ್ಲೇ ಎತ್ತಬೇಕು. ಇದು ಮುಂದೆ ಬೇಕಾಗುತ್ತದೆ.

ಮುಲುಂಡಿನ ಅಕ್ಕನ ಮನೆಯಲ್ಲಿ ಅವರ ಮಗ ಥಾರ್‌ನ ಪಕ್ಷ, ನನ್ನ ಮಗ ಹಲ್ಕ್‌ನ ಪಕ್ಷ. ಸಿಟ್ಟು ಬಂದಾಗ ಹಸಿರಾಗುವ ಹಲ್ಕ್‌ನ ಬಲ ಸಿಟ್ಟು ಏರಿದಷ್ಟೂ ಹೆಚ್ಚುವುದರಿಂದ ಅದಕ್ಕೆ ಮಿತಿಯೇ ಇಲ್ಲವೆಂದು ನನ್ನವನ ವಾದ. ಅಷ್ಟು ಬಲವಿದ್ದವನಿಗೆ ಥಾರ್‌ನ ಸುತ್ತಿಗೆ ಯಾಕೆ ಏಳಲಿಲ್ಲ ಎಂದು ಇವನ ಸವಾಲು. ನಾನೂ ಸುಮ್ಮನಿರಲಾರದೆ, 1938ರಲ್ಲಿ ಹುಟ್ಟಿದಾಗ ಸೂಪರ್‌ಮ್ಯಾನ್‌ಗೆ ಹಾರಲು ಬರುತ್ತಿರಲಿಲ್ಲ, ಕಟ್ಟಡಗಳನ್ನು ನೆಗೆದು ದಾಟುತ್ತಿದ್ದ ಅಷ್ಟೆ. ಕಥೆ ಬರೆಯುವವರ ಅನುಕೂಲಕ್ಕೆ ತಕ್ಕಂತೆ ಇವರ ಬಲ ಏರಿಳಿಯುತ್ತದೆ ಎಂದೆ. ಇಬ್ಬರೂ ಪಕ್ಷಭೇದ ಮರೆತು ನನ್ನನ್ನು ಕನಿಕರದಿಂದ ನೋಡಿದರು.

ಆಗ ಭಾವ ಗಂಟಲು ಸರಿಪಡಿಸಿಕೊಂಡರು. "ಎಲೈ ಬಾಲಕರೇ! ಬಕನನ್ನೂ ಕೀಚಕನನ್ನೂ ಬರಿಗೈಯಲ್ಲಿ ಮುಗಿಸಿದ ಭೀಮಸೇನನಿಗೆ ಒಂದು ಸುತ್ತಿಗೆ ಭಾರವೇ?"

"ಅದು ಭಾರದ ಪ್ರಶ್ನೆಯಲ್ಲ ಅಪ್ಪಾ, ಯೋಗ್ಯತೆಯದು. ಯೋಗ್ಯರಿಗೆ ಮಾತ್ರ ಅದು ಏಳುವುದು."

"ಹಾಗೋ? ಸುತ್ತಿಗೆಯನ್ನು ಲಿಫ್ಟಿನಲ್ಲಿಟ್ಟು ಗುಂಡಿ ಒತ್ತಿದರೆ? ಲಿಫ್ಟ್ ಮೇಲೇರಿದರೆ ಅದಕ್ಕೂ ಯೋಗ್ಯತೆ ಬಂತೇ?"

ಇಡೀ ಸಭೆ ಚಪ್ಪಾಳೆ ತಟ್ಟಿತೆಂಬಂತೆ ಅವರು ಸುತ್ತ ನೋಡಿದರು. "ಇದನ್ನು 2015ರ ಅವೆಂಜರ್ಸ್ ಸಿನಿಮಾದಲ್ಲೇ ಕೇಳಿ ಆಗಿದೆ" ಎಂದ ಮಗ. ಅಷ್ಟರಲ್ಲಿ ನನ್ನವನೂ ಸೇರಿಕೊಂಡ. "ಸೌಗಂಧಿಕಾ ಹೂ ತರಲು ಹೋದ ಭೀಮನಿಗೆ ಹನುಮಂತನ ಬಾಲ ಸರಿಸಲು ಆಗಲಿಲ್ಲ ಎಂದು ನೀವೇ ಹೇಳಿದ್ದಿರಲ್ಲ ಮಾವ?"

ಅರ್ಥಧಾರಿಗೆ ಅರ್ಥ ಹೊರಡಲಿಲ್ಲ. ಬಾಗಿಲ ಗಂಟೆ ಅವರ ಮಾನ ಉಳಿಸಿತು. ಗ್ಯಾಸ್ ಬಂದಿತ್ತು.

ಕೆಳಗೆ ವಾಚ್‌ಮನ್ 'ಲಿಫ್ಟ್ ಬಂದ್ ಆಹೆ' ಎಂಬ ಹಲಗೆ ತೂಗುಹಾಕಿದ್ದರಿಂದ ಗ್ಯಾಸಿನವನು ಸಿಲಿಂಡರನ್ನು ಹೆಗಲ ಮೇಲೆ ಹೊತ್ತು ಮೂರು ಮಹಡಿ ಹತ್ತಿದ್ದ. ಹೊಸ್ತಿಲಲ್ಲಿ ಧಡ್ ಎಂದು ಇಳಿಸಿ, ಖಾಲಿಯದನ್ನು ಎತ್ತಿಕೊಂಡು ಹೊರಟೇಬಿಟ್ಟ. ಒಳಗಿನ ಗ್ಯಾಸೇ 14.2 ಕಿಲೋ, ಉಕ್ಕಿನ ಮೈಯೂ ಸೇರಿದರೆ ಸುಮಾರು 30. ಭಾವ ಲುಂಗಿ ಎತ್ತಿಕಟ್ಟಿದರು.

"ಉರುಳಿಸಿ ಸಾಕು" ಎಂದಳು ಅಕ್ಕ ಒಳಗಿನಿಂದ. ಭೀಮನಿಗೆ ಯಾರಾದರೂ ಹೀಗೆ ಹೇಳಿದ್ದುಂಟೇ? ಭಾವ ಬಗ್ಗಿ, ಮೇಲಿನ ಬಳೆಯನ್ನು ಎರಡೂ ಕೈಯಲ್ಲಿ ಹಿಡಿದು, ಮಕ್ಕಳತ್ತ ಒಮ್ಮೆ ನೋಡಿ, ಎತ್ತಿದರು. ಮೊಣಕಾಲಿನವರೆಗೆ ಬಂತು. ಅಲ್ಲಿ ಎಲ್ಲೋ 'ಚಟ್' ಎಂದಿತು. ಸಿಲಿಂಡರ್ ಕಾಲೊರಸಿನ ಮೇಲೆ ಮೆಲ್ಲಗೆ ಕುಳಿತಿತು. ಭಾವ ಮಾತ್ರ ಏಳಲಿಲ್ಲ. ಮುಚ್ಚಳಕ್ಕೆ ಕಟ್ಟಿದ ನೈಲಾನ್ ದಾರವನ್ನೇ ದಿಟ್ಟಿಸುತ್ತ ಬಗ್ಗಿದ ಭಂಗಿಯಲ್ಲೇ ನಿಂತರು.

ಅಕ್ಕ ಒದ್ದೆ ಕೈ ಸೆರಗಿಗೆ ಒರಸಿಕೊಳ್ಳುತ್ತ ಬಂದು, "ಸ್ವಲ್ಪ ಆಚೆ ಸರಿಯಿರಿ" ಎಂದು ಸಿಲಿಂಡರನ್ನು ಓರೆ ಮಾಡಿ, ಅಡಿಯ ಅಂಚಿನ ಮೇಲೆ ಗರಗರ ತಿರುಗಿಸುತ್ತ ಅಡುಗೆಮನೆಗೆ ಒಯ್ದಳು.

"ಉರುಳಿಸಿದರೆ ಎತ್ತಿದ ಲೆಕ್ಕವಲ್ಲ" ಎಂದಿತು ಥಾರ್‌ನ ಪಕ್ಷ. ನನಗೆ ನಗು ತಡೆಯಲಾಗಲಿಲ್ಲ.

"ಯಾರೋ ಅದು ನಗುವುದು?" ಎಂದು ಭಾವ ಗುಡುಗಿದರು. ನಿಜವಾದ ಸಿಟ್ಟು. ನನ್ನ ಮಗ ಉಸಿರು ಬಿಗಿಹಿಡಿದು ನೋಡುತ್ತಿದ್ದ. ಆ ಸಿಟ್ಟಿನಲ್ಲೇ ಅವರು ನೆಟ್ಟಗಾಗಲು ಹೋಗಿ, "ಅಯ್ಯಯ್ಯೋ" ಎಂದು ಮೊದಲಿಗಿಂತಲೂ ಎರಡು ಗೇಣು ಕೆಳಗಿಳಿದರು.

"ನಿನ್ನ ಹಲ್ಕ್ ಕಥೆಯೂ ಮುಗಿಯಿತು" ಎಂದ ಅವರ ಮಗ.

"ಮಾವ ಹಸಿರಾಗಲಿಲ್ಲವಲ್ಲ, ಅದಕ್ಕೇ."

ನಾನೂ ಅಕ್ಕನೂ ಸೇರಿ ಭಾವನನ್ನು ಮಂಚದ ಮೇಲೆ ಬೋರಲು ಮಲಗಿಸಿದೆವು. ಅಕ್ಕ ಊರಿನಿಂದ ತಂದಿಟ್ಟಿದ್ದ ನೋವಿನ ಎಣ್ಣೆಯ ಬಾಟಲಿ ತೆಗೆದಳು. ಎಣ್ಣೆ ಅಚ್ಚ ಹಸಿರು. ಅದು ಸೊಂಟದ ತುಂಬ ಹರಡುತ್ತಿದ್ದಂತೆ ನನ್ನ ಮಗ ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡು ಕುಳಿತ.