ವೃದ್ಧಿ, ಮೂರಕ್ಷರ

ಪದಬಂಧದಲ್ಲಿ ಎಲ್ಲಕ್ಕಿಂತ ಉದಾರವಾಗಿ ಕಾಣುವ ಸುಳಿವು ‘ವೃದ್ಧಿ (3)’ ಎಂಬುದು. ಎಲ್ಲಕ್ಕಿಂತ ಹೆಚ್ಚು ಸತಾಯಿಸುವುದೂ ಅದೇ. ನದಿಯ ಹೆಸರನ್ನೋ ಪುರಾಣದ ಪಾತ್ರವನ್ನೋ ಕೇಳಿದರೆ ಉತ್ತರ ಗೊತ್ತಿರುತ್ತದೆ, ಇಲ್ಲವೇ ಗೊತ್ತಿರುವುದಿಲ್ಲ, ಅಲ್ಲಿಗೆ ಮುಗಿಯಿತು. ಹೆಚ್ಚಾಗುವ ಮಾತು ಬಂದರೆ ಮಾತ್ರ ಏರಿಕೆ, ಏಳಿಗೆ, ಹೆಚ್ಚಳ, ಉಬ್ಬರ ಎಂದು ಉತ್ತರಗಳೇ ಸಾಲುಗಟ್ಟಿ ನಿಲ್ಲುತ್ತವೆ, ಎಲ್ಲಕ್ಕೂ ಮೂರೇ ಅಕ್ಷರ. ಒತ್ತು, ಗುಣಿತ ಏನಿದ್ದರೂ ಒಂದೇ ಚೌಕದೊಳಗೆ ಮುದುರಿಕೊಳ್ಳಬೇಕೆಂಬುದು ಕನ್ನಡ ಪದಬಂಧದ ಕಟ್ಟಳೆಯಾದ್ದರಿಂದ ‘ವೃದ್ಧಿ’ ತಾನೇ ಉತ್ತರವಾದ ದಿನ ಎರಡು ಚೌಕಗಳಲ್ಲಿ ಅಡಗಿಬಿಡುತ್ತದೆ. ‘ಬೆಳವಣಿಗೆ’ಗೆ ಐದು ಬೇಕು.

ಇಂದಿನ ಪದಬಂಧದ ಪೂರ್ವಜವೆನ್ನಲಾಗುವ ವಜ್ರಾಕಾರದ ಒಗಟನ್ನು ಆರ್ಥರ್ ವಿನ್ 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಪ್ರಕಟಿಸಿದಂದಿನಿಂದಲೂ, ಎಡದಿಂದ ಬಲಕ್ಕೆ ಹುಟ್ಟಿದ ಅನುಮಾನವನ್ನು ಮೇಲಿನಿಂದ ಕೆಳಕ್ಕೆ ಬರುವ ಪದ ಪರಿಹರಿಸುತ್ತದೆಂಬುದು ಈ ಆಟದ ಭರವಸೆ. ನಮ್ಮ ಸುಳಿವಿನ ಮುಂದೆ ಆ ಭರವಸೆಯೂ ಕೈಕೊಡುತ್ತದೆ. ಮೊದಲ ಚೌಕದಲ್ಲಿ ‘ಏ’ ಸಿಕ್ಕಿತೆಂದು ಹಿಗ್ಗುವಂತಿಲ್ಲ. ಏರಿಕೆಯೂ ಏಳಿಗೆಯೂ ಅಲ್ಲಿಂದಲೇ ಹೊರಡುತ್ತವೆ. ಕೊನೆಯಲ್ಲಿ ‘ಕೆ’ ಸಿಕ್ಕರೆ ಏಳಿಗೆ ದೂರವಾಯಿತೆಂಬುದು ನಿಜ, ಆದರೆ ಮೊದಲ ಚೌಕ ಖಾಲಿಯಿದ್ದರೆ ‘ಗಳಿಕೆ’ಯನ್ನೂ ‘ಕೂಡಿಕೆ’ಯನ್ನೂ ತಳ್ಳಿಹಾಕುವುದು ಹೇಗೆ? ‘ಇಳಿಕೆ’ಯ ಬಾಲವೂ ಅದೇ ಅಕ್ಷರವೆಂಬುದು ಸುಳಿವು ಕಟ್ಟುವವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ನನ್ನ ತಕರಾರು ಬೇರೆಯೇ ಇದೆ. ಈ ಪದಗಳನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ಪದಬಂಧ ಮಾತ್ರ. ಬೆಲೆಗೆ ಏರಿಕೆಯುಂಟೇ ಹೊರತು ಏಳಿಗೆಯಿಲ್ಲ. ಸಮುದ್ರಕ್ಕೆ ಉಬ್ಬರವುಂಟು, ಬಡ್ತಿಯಿಲ್ಲ. ಸಂಬಳ ಹೆಚ್ಚಳಕ್ಕಾಗಿ ಕಾಯುವ ನೌಕರನಿಗೆ ‘ನಿಮ್ಮ ಏಳಿಗೆಯಾಗಲಿ’ ಎಂದು ಹಾರೈಸಿ ಕಳುಹಿಸಿದರೆ ಅವನು ಬರಿಗೈಯಲ್ಲಿ ಹೋದನೆಂದೇ ಅರ್ಥ. ವೃದ್ಧಿ ಹುಟ್ಟಿದ ಸಂಸ್ಕೃತ ಧಾತುವಿನಿಂದಲೇ ವೃದ್ಧನೂ ಹುಟ್ಟಿದ್ದಾನೆ, ಅಂದರೆ ಅವನು ಬೆಳೆದವನು. ಮೊಣಕಾಲು ಹಿಡಿದುಕೊಂಡು ಮೆಟ್ಟಿಲಿಳಿಯುವ ಹಿರಿಯರಿಗೆ ಇದನ್ನು ಹೇಳುವ ಧೈರ್ಯ ನನಗಿಲ್ಲ.

ಕೂಡುವ ಪದಗಳಲ್ಲಿ ಸುಳಿವುಗಾರರ ಕೈಚಳಕ ಇನ್ನೂ ಸೊಗಸು. ‘ಸಂಧಿಯಲ್ಲಿ ಹೊಸಬನ ಪ್ರವೇಶ (3)’ ಎಂದರೆ ಓದುಗನ ಮನಸ್ಸು ಬೀದಿಯ ಓಣಿಗಳನ್ನೆಲ್ಲ ಸುತ್ತಿ ಬಂದ ಮೇಲೆ ಶಾಲೆಯ ವ್ಯಾಕರಣ ನೆನಪಾಗುತ್ತದೆ: ಮನೆ ಮತ್ತು ಅಲ್ಲಿ ಸೇರಿ ‘ಮನೆಯಲ್ಲಿ’ ಆಗುವಾಗ ಎಲ್ಲಿಂದಲೋ ಬಂದು ಕೂರುವ ಯಕಾರ, ಅಂದರೆ ‘ಆಗಮ’. ನನಗೆ ಅತಿ ಪ್ರಿಯವಾದದ್ದು ‘ಸಂಕಲನ’. ಅಂಕಿಗಳನ್ನು ಕೂಡಿಸಿದರೂ ಸಂಕಲನ, ಕವಿತೆಗಳನ್ನು ಕೂಡಿಸಿದರೂ ಸಂಕಲನ. ಸಿನಿಮಾದಲ್ಲಿ ಮಾತ್ರ, ಚಿತ್ರೀಕರಿಸಿದ್ದರಲ್ಲಿ ಬಹುಪಾಲನ್ನು ಕತ್ತರಿಸಿ ಬಿಸಾಡಿದವರ ಹೆಸರಿನ ಮುಂದೆ ಅದೇ ಪದವನ್ನು ದೊಡ್ಡ ಅಕ್ಷರಗಳಲ್ಲಿ ತೋರಿಸುತ್ತಾರೆ. ‘ಕತ್ತರಿ ಹಿಡಿದು ಕೂಡಿಸುವ ಕೆಲಸ (4)’ ಎಂಬ ಸುಳಿವನ್ನು ಯಾರೂ ಇನ್ನೂ ಕೊಟ್ಟಿಲ್ಲವಾದರೆ, ಅದನ್ನು ಸುಳಿವುಗಾರರು ಧಾರಾಳವಾಗಿ ಬಳಸಿಕೊಳ್ಳಬಹುದು.